ಹಾಸನದ ಹಸುರು ಮತ್ತು ಅದನ್ನು ಬರೆದಿಟ್ಟ ಪುಸ್ತಕಗಳು

ಬೇಲೂರಿನ ಚನ್ನಕೇಶವ ದೇವಾಲಯಕ್ಕೆ ಹೋದವರಿಗೆ ಅಲ್ಲಿನ ಮಾರ್ಗದರ್ಶಿಗಳು ತಪ್ಪದೆ ತೋರಿಸುವ ಒಂದು ಪುಟ್ಟ ವಿವರವಿದೆ. ಮದನಿಕೆಯೊಬ್ಬಳ ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರ. ಅದರಲ್ಲೊಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ಕುಳಿತ ನೊಣ, ಆ ನೊಣವನ್ನು ಹಿಡಿಯಲು ಹೊಂಚು ಹಾಕಿರುವ ಹಲ್ಲಿ. ದೇವರ ಗುಡಿಯಲ್ಲಿ ಈ ನೊಣಕ್ಕೆ ಯಾವ ಕೆಲಸವೂ ಇಲ್ಲ. ಆದರೂ ಶಿಲ್ಪಿ ಅದನ್ನು ಬಿಡಲಿಲ್ಲ. ಹಣ್ಣಾದ ಹಲಸಿಗೆ ನೊಣ ಮುತ್ತುತ್ತದೆ, ನೊಣ ಬಂದಲ್ಲಿಗೆ ಹಲ್ಲಿ ಬರುತ್ತದೆ ಎಂಬುದನ್ನು ಆತ ಯಾವುದೋ ಹಿತ್ತಲಿನಲ್ಲಿ ಕಣ್ಣಾರೆ ಕಂಡಿರಬೇಕು.

ಅದೇ ದೇವಾಲಯದಲ್ಲಿ ಇನ್ನೊಂದು ಸರಪಳಿಯೂ ಇದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ದೃಶ್ಯ. ನೊಣದ ಶಿಲ್ಪ ಕಂಡದ್ದರಿಂದ ಹುಟ್ಟಿತು. ಗಂಡಭೇರುಂಡದ ಶಿಲ್ಪ ಕೇಳಿದ್ದರಿಂದ ಹುಟ್ಟಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಕಂಡದ್ದೂ ಕೇಳಿದ್ದೂ ಒಂದೇ ಬಳಪದ ಕಲ್ಲಿನಲ್ಲಿ, ಒಂದೇ ಕುಸುರಿಯಿಂದ ಮೂಡಿವೆ. ಒಂಬತ್ತು ಶತಮಾನಗಳ ನಂತರ ನೋಡುವ ನಾವು ಎರಡನ್ನೂ ಬೇರೆಮಾಡಿ ಓದುವುದು ಹೇಗೆ? ಗಂಡಭೇರುಂಡದ ವಿಷಯದಲ್ಲಿ ಇದು ಸುಲಭ. ಒಂದು ಎಲೆ, ಒಂದು ಹಣ್ಣು, ಒಂದು ತೆನೆಯ ವಿಷಯಕ್ಕೆ ಬಂದಾಗ ಅಷ್ಟು ಸುಲಭವಲ್ಲ. ಆಗ ನೆರವಿಗೆ ಬರಬೇಕಾದವು ಪುಸ್ತಕಗಳು. ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತಿನ ಗಿಡಮರ, ಹಕ್ಕಿ, ಹುಳುಗಳನ್ನು ಅರಿಯಲು ಯಾವ ಪುಸ್ತಕಗಳು ನಮಗಿವೆ, ಅವು ನಮಗೆ ಏನು ಕೊಟ್ಟಿವೆ, ಏನನ್ನು ಕೊಟ್ಟಿಲ್ಲ ಎಂಬುದನ್ನು ಇಲ್ಲಿ ನಿಮ್ಮೊಂದಿಗೆ ನೋಡೋಣ.

ಓಲೆಗರಿಯ ಕಾಲ

ಪ್ರಕೃತಿಯನ್ನು ಕುರಿತು ಶಾಸ್ತ್ರೀಯವಾಗಿ ಬರೆಯುವ ಪದ್ಧತಿ ಇಂಗ್ಲಿಷರ ಜೊತೆಯಲ್ಲೇ ಕನ್ನಡಕ್ಕೆ ಬಂತೆಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಬೇಲೂರಿನ ಗುಡಿ ಏಳುವುದಕ್ಕೆ ಸುಮಾರು 90 ವರ್ಷ ಮೊದಲೇ, 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನೆಂಬ ಕವಿ 'ಲೋಕೋಪಕಾರ'ವನ್ನು ರಚಿಸಿದ. ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಮನೆ ಕಟ್ಟುವುದು, ನೀರಿನ ನೆಲೆ ಹುಡುಕುವುದು, ಅಡುಗೆ, ಸುಗಂಧ, ದನಕರುಗಳ ಆರೈಕೆ, ಶಕುನ, ಹೀಗೆ ಸಂಸಾರಿಗೆ ಬೇಕಾದುದೆಲ್ಲ ಈ ಗ್ರಂಥದಲ್ಲಿದೆ. ಅದರಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗ ಮೀಸಲು. ಬಿತ್ತುವ ಮೊದಲು ಬೀಜವನ್ನು ಸಂಸ್ಕರಿಸುವ ಬಗೆ, ಮರಕ್ಕೆ ಬರುವ ರೋಗ, ಅದಕ್ಕೆ ಮಾಡಬೇಕಾದ ಉಪಚಾರ ಎಲ್ಲವನ್ನೂ ಕವಿ ಹೇಳುತ್ತಾನೆ. ಯಾವ ಮರ, ಎಂಥ ಹುತ್ತ ಇದ್ದರೆ ಹತ್ತಿರದಲ್ಲಿ ನೀರು ಸಿಕ್ಕೀತು ಎಂಬ ಲೆಕ್ಕಾಚಾರವೂ ಅಲ್ಲಿದೆ. 2006ರಲ್ಲಿ ಈ ಗ್ರಂಥ ಇಂಗ್ಲಿಷಿಗೂ ಅನುವಾದವಾಯಿತು.

ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ರೋಗ ಮತ್ತು ಮದ್ದನ್ನು ಕುರಿತು 'ಗೋವೈದ್ಯ'ವನ್ನು ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದ. ಈ ಮಂಗರಾಜ ತನ್ನನ್ನು ಹೊಯ್ಸಳ ನಾಡಿನ ಮುಗುಳಿಪುರದವನೆಂದು ಹೇಳಿಕೊಂಡಿದ್ದಾನೆ. ಅವನ ಗ್ರಂಥದ ವಿಷಯ ವಿಷ. ಗಿಡ, ಬೇರು, ಖನಿಜಗಳಿಂದ ಬರುವುದು ಸ್ಥಾವರ ವಿಷ. ಹಾವು, ಚೇಳು, ಇಲಿ, ಹುಳುಹುಪ್ಪಟೆಗಳಿಂದ ಬರುವುದು ಜಂಗಮ ವಿಷ. ಒಂದೊಂದಕ್ಕೂ ಲಕ್ಷಣ, ಒಂದೊಂದಕ್ಕೂ ಮದ್ದು. ಮದ್ದುಗಳಲ್ಲಿ ಬಹುಪಾಲು ಗಿಡಮೂಲಿಕೆಗಳು.

ಇವೆಲ್ಲ ಬಳಕೆಗಾಗಿ ಬರೆದ ಪುಸ್ತಕಗಳು. ಅವುಗಳ ಬಲವೂ ಅದೇ, ಕೊರತೆಯೂ ಅದೇ. ಮೂಲಿಕೆಯ ಹೆಸರು ಹೇಳುತ್ತಾರೆ, ಎಷ್ಟು ತೂಕವೆಂದು ಹೇಳುತ್ತಾರೆ, ಹೇಗೆ ಅರೆಯಬೇಕೆಂದೂ ಹೇಳುತ್ತಾರೆ. ಆ ಗಿಡ ನೋಡಲು ಹೇಗಿರುತ್ತದೆ ಎಂಬುದನ್ನು ಮಾತ್ರ ಬಹುಮಟ್ಟಿಗೆ ಹೇಳುವುದಿಲ್ಲ. ಓದುವವನಿಗೆ, ಅಥವಾ ಓದಿ ಹೇಳುವ ಗುರುವಿಗೆ, ಗಿಡ ಗೊತ್ತೇ ಇದೆ ಎಂಬುದು ಅವರ ನಂಬಿಕೆ. ಬದನೆಕಾಯಿ ಎಣ್ಣೆಗಾಯಿ ಮಾಡುವ ಕ್ರಮ ಬರೆಯುವವರು ಬದನೆಕಾಯಿಯನ್ನು ವರ್ಣಿಸುತ್ತ ಕೂರುವುದಿಲ್ಲವಲ್ಲ, ಹಾಗೆ.

ಗುರುಶಿಷ್ಯರ ಸರಣಿ ಕಡಿಯದೆ ಇರುವವರೆಗೆ ಇದರಿಂದ ತೊಂದರೆಯಿಲ್ಲ. ಸರಣಿ ಕಡಿದಾಗ ಪುಸ್ತಕಕ್ಕೆ ಬೀಗ ಬಿದ್ದಂತಾಗುತ್ತದೆ. ಒಂದು ಉದಾಹರಣೆ ನೋಡಿ. 'ಬ್ರಾಹ್ಮಿ' ಎಂದರೆ ಕೆಲವರು ಕೆರೆಯಂಚಿನಲ್ಲಿ ಹಬ್ಬುವ, ದಪ್ಪನೆಯ ಪುಟ್ಟ ಎಲೆಗಳ ನೀರುಬ್ರಾಹ್ಮಿಯನ್ನು ತೋರಿಸುತ್ತಾರೆ. ಇನ್ನು ಕೆಲವರು ತಂಬುಳಿಗೆ ಬಳಸುವ ಒಂದೆಲಗವನ್ನು ತೋರಿಸುತ್ತಾರೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಹತ್ತಿರದ ನೆಂಟರೂ ಅಲ್ಲ. ಅದೇ ಒಂದೆಲಗ ಕರಾವಳಿಗೆ ಇಳಿದರೆ ತಿಮರೆ. ಅಡುಗೆಯಲ್ಲಿ ಈ ಗೊಂದಲ ಅಷ್ಟೇನೂ ಕೆಡುಕು ಮಾಡದು. ವಿಷಕ್ಕೆ ಮದ್ದು ಹೇಳುವ ಪುಸ್ತಕದಲ್ಲಿ ಇಂಥದೇ ಗೊಂದಲವಾದರೆ ಏನಾದೀತೆಂದು ನೀವೇ ಊಹಿಸಿಕೊಳ್ಳಿ.

ಹಳೆಯ ಹೆಸರುಗಳು ಉಳಿದಿರುವ ಇನ್ನೊಂದು ಜಾಗ ಶಾಸನ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಭೂಮಿಯನ್ನು ದಾನ ಕೊಡುವಾಗ ಅದರ ಎಲ್ಲೆಯನ್ನು ಹೇಳಬೇಕು. ಎಲ್ಲೆಗೆ ಗುರುತು ಬಂಡೆ, ಹಳ್ಳ, ಹುತ್ತ ಮತ್ತು ಮರ. ರಾಜರ ಬಿರುದುಗಳಿಗಾಗಿ ಶಾಸನ ಓದುವವರು ಇಂಥ ಸಾಲುಗಳನ್ನು ದಾಟಿ ಮುಂದೆ ಹೋಗುತ್ತಾರೆ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ ಅವರು ಮಾತ್ರ ಅಲ್ಲಿಯೇ ನಿಂತರು. ಅವರ 'ಶಾಸನಗಳಲ್ಲಿ ಗಿಡಮರಗಳು' ಎಂಬ ಪುಸ್ತಕ ಇತಿಹಾಸ ಮತ್ತು ಸಸ್ಯವಿಜ್ಞಾನ ಎರಡನ್ನೂ ಒಟ್ಟಿಗೆ ತಿಳಿದವರು ಮಾತ್ರ ಬರೆಯಬಹುದಾದಂಥದು.

ಕಲ್ಲಿನ ಕೈಯಲ್ಲಿ ಮುಸುಕಿನ ಜೋಳವೆ?

ಗುರುತು ಇಲ್ಲದೆ ಆಕಾರವನ್ನಷ್ಟೇ ನೋಡಿ ಹೆಸರಿಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಹೊಯ್ಸಳ ಶಿಲ್ಪಗಳೇ ಒಂದು ಪಾಠ ಒದಗಿಸಿವೆ. ಹಳೇಬೀಡು, ಸೋಮನಾಥಪುರ ಮೊದಲಾದ ಕಡೆಯ ಕೆಲವು ಮೂರ್ತಿಗಳು ಕೈಯಲ್ಲಿ ಉದ್ದನೆಯ ವಸ್ತುವೊಂದನ್ನು ಹಿಡಿದಿವೆ. ಮೈತುಂಬ ಸಾಲುಸಾಲಾಗಿ ಮಣಿಗಳು, ತುದಿ ಚೂಪು. ನೋಡಿದವರಿಗೆ ಥಟ್ಟನೆ ಮುಸುಕಿನ ಜೋಳದ ತೆನೆಯ ನೆನಪಾಗುತ್ತದೆ.

ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆನ್ ಪಾರ್ಕರ್ ಅವರಿಗೂ ಹಾಗೆಯೇ ಅನ್ನಿಸಿತು. 'ಎಕನಾಮಿಕ್ ಬಾಟನಿ' ಎಂಬ ವಿಜ್ಞಾನ ಪತ್ರಿಕೆಯಲ್ಲಿ 1989ರಲ್ಲಿ ಅವರೊಂದು ಲೇಖನ ಪ್ರಕಟಿಸಿ, 12 ಮತ್ತು 13ನೆಯ ಶತಮಾನದ ಈ ಶಿಲ್ಪಗಳಲ್ಲಿರುವುದು ಮುಸುಕಿನ ಜೋಳವೇ ಎಂದು ವಾದಿಸಿದರು. ಇದು ಸಣ್ಣ ಮಾತಲ್ಲ. ಮುಸುಕಿನ ಜೋಳದ ತವರು ಮಧ್ಯ ಅಮೆರಿಕ. ಕೊಲಂಬಸ್ ಅಮೆರಿಕಕ್ಕೆ ತಲುಪಿದ್ದು 1492ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಹೊಯ್ಸಳ ಶಿಲ್ಪಿಗೆ ಈ ತೆನೆ ಗೊತ್ತಿದ್ದರೆ, ಸಾಗರಗಳ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.

ಭಾರತದ ಕೃಷಿ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಅಲ್ಲಗಳೆದರು. ಸೋಮನಾಥಪುರದ ಶಿಲ್ಪಗಳಲ್ಲಿರುವುದು ಮುಸುಕಿನ ಜೋಳವಲ್ಲ. ಮುತ್ತುಗಳನ್ನು ಜೋಡಿಸಿದಂತಿರುವ, ಶಿಲ್ಪಿಗಳ ಕಲ್ಪನೆಯ 'ಮುಕ್ತಾಫಲ' ಎಂಬುದು ಅವರ ನಿಲುವು. ಹೊಯ್ಸಳ ಶಿಲ್ಪಿ ಕಿರೀಟ, ಕಂಠಹಾರ, ತೋಳಬಂದಿ, ಎಲ್ಲಕ್ಕೂ ಮಣಿ ಪೋಣಿಸುತ್ತಾನೆ. ಹಣ್ಣಿಗೂ ಪೋಣಿಸಿದ್ದರೆ ಆಶ್ಚರ್ಯವಿಲ್ಲ.

ಇಂಥ ವಾದದಲ್ಲಿ ತೀರ್ಪು ಕೊಡುವುದು ಹೇಗೆ? ಮೂರು ಸಾಕ್ಷಿಗಳನ್ನು ಕರೆಯಬಹುದು. ಮೊದಲನೆಯದು ಮಣ್ಣು. ಭಾರತದ ಉತ್ಖನನಗಳಲ್ಲಿ ಕೊಲಂಬಸನಿಗಿಂತ ಹಿಂದಿನದೆಂದು ಎಲ್ಲರೂ ಒಪ್ಪುವ ಮುಸುಕಿನ ಜೋಳದ ಕಾಳು ಸಿಕ್ಕಿಲ್ಲ. ಎರಡನೆಯದು ಪುಸ್ತಕ. ಬೆಳೆ, ಅಡುಗೆ, ದಾನ, ತೆರಿಗೆ ಎಲ್ಲದರ ಬಗ್ಗೆ ಬರೆದಿಟ್ಟ ಆ ಕಾಲ, ಮನೆಮನೆಯ ಊಟವಾಗಬಲ್ಲ ಈ ಕಾಳಿನ ಬಗ್ಗೆ ಮೌನವಾಗಿರುವುದು ಸಹಜವಲ್ಲ.

ಮೂರನೆಯ ಸಾಕ್ಷಿ ಹೆಸರು. ಹೊಸ ಗಿಡವೊಂದು ಊರಿಗೆ ಬಂದಾಗ ಜನ ಅದಕ್ಕೆ ಪರಿಚಯದ ಗಿಡದ ಹೆಸರನ್ನೇ ಕೊಟ್ಟು ಹಿಂದೆ ಒಂದು ವಿಶೇಷಣ ಸೇರಿಸುತ್ತಾರೆ. ಜೋಳ ಇಲ್ಲಿತ್ತು, ಬಂದದ್ದು ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ ಆಯಿತು. ಮೆಣಸು ಇಲ್ಲಿತ್ತು, ಬಂದದ್ದು ಮೆಣಸಿನಕಾಯಿ ಆಯಿತು. ಬದನೆ, ಹುಣಸೆ ಇದ್ದವು. ಬಂದವು ಸೀಮೆಬದನೆ, ಸೀಮೆಹುಣಸೆ. ಪರಂಗಿ ಹಣ್ಣಿನ ಹೆಸರಿನಲ್ಲಿಯೇ ಅದನ್ನು ತಂದ ಪರಂಗಿಯವರು ಕುಳಿತಿದ್ದಾರೆ. ಆದರೆ ಹೆಸರೊಂದನ್ನೇ ನಂಬುವುದೂ ಅಪಾಯ. ಸೀತಾಫಲವೆಂಬ ಹೆಸರು ಕೇಳಿದರೆ ಅದು ರಾಮಾಯಣದ ಕಾಡಿನದೇ ಅನ್ನಿಸುತ್ತದೆ. ಅದರ ಮೂಲವೂ ಅಮೆರಿಕವೇ! ಆದ್ದರಿಂದ ಮೂರು ಸಾಕ್ಷಿಗಳೂ ಒಂದೇ ಕಡೆಗೆ ಕೈ ತೋರಿಸಬೇಕು. ಮುಸುಕಿನ ಜೋಳದ ವಿಷಯದಲ್ಲಿ ಮೂರೂ ಶಿಲ್ಪದ ಸಾಕ್ಷ್ಯಕ್ಕೆ ವಿರುದ್ಧವಾಗಿವೆ. ಹೀಗಾಗಿಯೇ ಬಹುಪಾಲು ಸಸ್ಯವಿಜ್ಞಾನಿಗಳು ಜೊಹಾನೆಸ್ಸೆನ್ ಅವರ ವಾದವನ್ನು ಒಪ್ಪಿಲ್ಲ.

ನಮ್ಮ ಅಡುಗೆಮನೆಯಲ್ಲಿ ಎಷ್ಟು ಗಿಡಗಳು ಸಮುದ್ರ ದಾಟಿ ಬಂದಿವೆ ಎಂಬ ಕುತೂಹಲವುಳ್ಳವರು ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ವನ್ನು ಓದಬೇಕು. ನಗಿಸುತ್ತಲೇ ಸಾಕ್ಷ್ಯ ಕೇಳುವುದನ್ನು ಕಲಿಸುವ ಪುಸ್ತಕ ಅದು.

ಒಂದು ಜಿಲ್ಲೆಯ ಸಸ್ಯಗಳ ಲೆಕ್ಕ

ಟಿಪ್ಪು ಸುಲ್ತಾನನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಸುತ್ತಿದ. ಹಾಸನ ಸೀಮೆಯ ಮೂಲಕವೂ ಆತ ಹಾದುಹೋದ. ರೈತರನ್ನು ನಿಲ್ಲಿಸಿ ಬೆಳೆ, ಮಣ್ಣು, ಮರಗಳ ಬಗ್ಗೆ ಕೇಳಿ, ಅವರು ಹೇಳಿದ ಕನ್ನಡದ ಹೆಸರುಗಳನ್ನೇ ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸಕಥನ ಹೊಸದಾಗಿ ಕೈವಶವಾದ ನಾಡಿನ ಆದಾಯವನ್ನು ಅಳೆಯಲೆಂದು ಬರೆದದ್ದು. ಆದರೂ ನಮ್ಮ ಗಿಡಗಳ ಹಳ್ಳಿಯ ಹೆಸರುಗಳಿಗೆ ಅದು ಇಂದಿಗೂ ಒಂದು ಆಕರ.

ಪೂರ್ತಿ ವೈಜ್ಞಾನಿಕವಾದ ಕೆಲಸಕ್ಕೆ ಮತ್ತೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಜೆಸ್ವಿಟ್ ಪಾದ್ರಿ ಹಾಗೂ ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನಾ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡಗೂಡಿ 1976ರಲ್ಲಿ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' ಗ್ರಂಥವನ್ನು ಹೊರತಂದರು. 900ಕ್ಕೂ ಹೆಚ್ಚು ಪುಟಗಳ ಹೊತ್ತಗೆ. ಹಾಸನ ಜಿಲ್ಲೆ ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ ನೆಲ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ನಿತ್ಯಹಸುರಿನ ಕಾಡು. ಪೂರ್ವದ ಅರಸೀಕೆರೆಯಲ್ಲಿ ಸುಮಾರು 700 ಮಿಲಿಮೀಟರ್ ಮಳೆ, ಕುರುಚಲು ಗುಡ್ಡ. ನಡುವೆ ಬೇಲೂರು, ಹಳೇಬೀಡುಗಳ ಅರೆಮಲೆನಾಡು. ಬಸ್ಸಿನಲ್ಲಿ ಅರ್ಧ ದಿನದೊಳಗೆ ದಾಟಬಹುದಾದ ದೂರದಲ್ಲಿ ಮೂರು ಬಗೆಯ ಸಸ್ಯಲೋಕ.

ಇಂಥ ಪುಸ್ತಕ ಸಿದ್ಧವಾಗುವ ಬಗೆಯನ್ನು ಸ್ವಲ್ಪ ಹೇಳಬೇಕು. ಗಿಡವನ್ನು ಹೂವು ಇಲ್ಲವೆ ಕಾಯಿಯ ಸಮೇತ ತಂದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸುತ್ತಾರೆ. ಹಾಳೆಯ ಮೂಲೆಯಲ್ಲಿ ಒಂದು ಚೀಟಿ. ಸಿಕ್ಕಿದ ಜಾಗ, ದಿನಾಂಕ, ತಂದವರ ಹೆಸರು, ಕ್ರಮಸಂಖ್ಯೆ ಅದರಲ್ಲಿರುತ್ತವೆ. ಇಂಥ ಹಾಳೆಗಳ ಭಂಡಾರಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಸಲ್ಡಾನಾ ಅವರು ಕಟ್ಟಿದ ಭಂಡಾರ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಪುಸ್ತಕದ ವಿವರಣೆಯ ಮೇಲೆ ನಿಮಗೆ ಸಂದೇಹ ಬಂದರೆ ಹಾಳೆಯನ್ನೇ ತೆಗೆಸಿ ನೋಡಬಹುದು. ಓಲೆಗರಿಯ ಗ್ರಂಥಗಳಿಗೆ ಇಲ್ಲದಿದ್ದ ಆಧಾರ ಇದೇ.

ಪುಸ್ತಕದೊಳಗೆ ಗಿಡ ಹುಡುಕಲು 'ಕೀಲಿ'ಗಳಿರುತ್ತವೆ. ಎಲೆಗಳು ಎದುರುಬದುರಾಗಿವೆಯೆ, ಒಂದಾದ ಮೇಲೊಂದಾಗಿವೆಯೆ? ಮುರಿದರೆ ಹಾಲು ಬರುತ್ತದೆಯೆ, ಇಲ್ಲವೆ? ಎರಡರಲ್ಲಿ ಒಂದನ್ನು ಆರಿಸುತ್ತ ಆರಿಸುತ್ತ ಹೋದರೆ ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕ್ಯಾಮೆರಾ ಹೂವನ್ನು ಪರದೆಯ ತುಂಬ ತೋರಿಸಬಲ್ಲದು. ಅದರ ಹೆಸರನ್ನು ಮಾತ್ರ ಅದು ಹೇಳಲಾರದು.

ಆದರೆ ಈ ಗ್ರಂಥದ ಭಾಷೆ ಇಂಗ್ಲಿಷ್, ಗಿಡಗಳ ಹೆಸರು ಲ್ಯಾಟಿನ್. ಯಾರ ಹೊಲ, ಬೇಲಿ, ಕೆರೆಯ ಏರಿಯಿಂದ ಗಿಡಗಳು ಹೋದವೋ ಆ ಜನ ಅದನ್ನು ಓದುವಂತಿಲ್ಲ. ವಿಜ್ಞಾನಕ್ಕೆ ಜಗತ್ತಿಗೆಲ್ಲ ಒಂದೇ ಹೆಸರು ಬೇಕು, ಅದರಲ್ಲಿ ತಪ್ಪಿಲ್ಲ. ಹಾಗೆಂದು ಊರಿನ ಹೆಸರು ಕಳೆದುಹೋಗಬೇಕಾಗಿಲ್ಲ.

ಕನ್ನಡದಲ್ಲಿ ಬರೆದವರು

ಈ ಅಂತರವನ್ನು ತುಂಬಲು ಹೊರಟವರು ನಮ್ಮ ಸಾಹಿತಿಗಳೇ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, 1959ರಿಂದ ಮೊದಲುಗೊಂಡು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬಹುಮಟ್ಟಿಗೆ ಒಬ್ಬರೇ ಬರೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಪಶ್ಚಿಮ ಘಟ್ಟಗಳಲ್ಲಿ ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಆಗಿ ಬರೆದು, ಚಿತ್ರಗಳನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕವೊಂದು ಸಾಹಿತ್ಯವೆಂದು ಮನ್ನಣೆ ಪಡೆದದ್ದು ಕನ್ನಡದ ಹೆಮ್ಮೆ.

ಹಕ್ಕಿಗಳ ವಿಷಯದಲ್ಲಿಯೂ ಕಥೆ ಹೀಗೆಯೇ. ಸಲೀಂ ಅಲಿ ಅವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ವರದಿ ಇಂಗ್ಲಿಷಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಸಾಮಾನ್ಯ ಓದುಗನ ಕೈಗೆ ಹಕ್ಕಿಗಳು ಕನ್ನಡದಲ್ಲಿ ಬಂದದ್ದು ಬೇಲೂರಿನಿಂದ ಕೂಗಳತೆಯಲ್ಲೇ ಎನ್ನಬಹುದಾದ ಮೂಡಿಗೆರೆಯಿಂದ. ಅಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಅವರು 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ' ಮೊದಲಾದ ಪುಸ್ತಕಗಳನ್ನು ಬರೆದರು. 1980ರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯ ಜೊತೆಗೆ ಹಳ್ಳಿಯ ಮಂದಣ್ಣನೂ ಹಾರುವ ಓತಿಯನ್ನು ಹುಡುಕುತ್ತಾನೆ. ಕಾಡನ್ನು ಬಲ್ಲ ಹಳ್ಳಿಯವನ ಅರಿವಿಗೂ ವಿಜ್ಞಾನಿಯ ಅರಿವಿಗೂ ನಂಟು ಬೇಕೆಂಬುದನ್ನು ಅಷ್ಟು ಸಹಜವಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ.

ಅರಸೀಕೆರೆಯ ನುಸಿ

ಇದೆಲ್ಲ ಓದುವ ಹವ್ಯಾಸವಿರುವವರ ಮಾತಾಯಿತು ಎನ್ನಬೇಡಿ. ಅರಸೀಕೆರೆ, ತಿಪಟೂರು ಕಡೆಯ ತೆಂಗಿನ ಬೆಳೆಗಾರರನ್ನು ಕೇಳಿ. 1998ರಲ್ಲಿ ಕೇರಳದಲ್ಲಿ ತೆಂಗಿನ ನುಸಿಯ ಪೀಡೆ ಕಾಣಿಸಿಕೊಂಡಿತು. ಸ್ವಲ್ಪ ಕಾಲದಲ್ಲೇ ಕರ್ನಾಟಕದ ತೋಟಗಳಿಗೂ ಹರಡಿತು. ಎಳೆಗಾಯಿಯ ತೊಟ್ಟಿನ ಬಳಿ ಮಾಸಲು ಬಿಳಿಯ ಮಚ್ಚೆ ಮೂಡಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸೀಳಿ, ಕಾಯಿ ಸೊಟ್ಟಗಾಗಿ ಸಣ್ಣದಾಗುತ್ತಿತ್ತು. ಉಂಡೆ ಕೊಬ್ಬರಿಯನ್ನೇ ನಂಬಿದ ಮನೆಗಳಿಗೆ ಇದು ದೊಡ್ಡ ಏಟು. ಕಾರಣ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಏಕೆಂದರೆ ಈ ಜೀವಿಯ ಉದ್ದ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ಅದು ಇರುವುದು ತೊಟ್ಟಿನ ಪದರಗಳ ಕೆಳಗೆ.

ಇದರ ಗುರುತು ಹಿಡಿಯಲು ಆಧಾರವಾದದ್ದು ದೂರದ ಒಂದು ಬರಹ. 1965ರಲ್ಲಿ ಕೀಫರ್ ಎಂಬ ವಿಜ್ಞಾನಿ ಮೆಕ್ಸಿಕೋ ದೇಶದ ಗೆರೆರೊ ಪ್ರಾಂತದಲ್ಲಿ ಸಿಕ್ಕ ನುಸಿಯನ್ನು ವರ್ಣಿಸಿ ಹೆಸರಿಟ್ಟಿದ್ದ. ಆ ವರ್ಣನೆ ಇದ್ದುದರಿಂದಲೇ ನಮ್ಮ ವಿಜ್ಞಾನಿಗಳು 'ಇದು ಅದೇ' ಎನ್ನಲು ಸಾಧ್ಯವಾಯಿತು. ನುಸಿ ಕೀಟವಲ್ಲ, ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಈ ವ್ಯತ್ಯಾಸ ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆಯುವ ವ್ಯತ್ಯಾಸವಲ್ಲ. ಕೀಟವನ್ನು ಕೊಲ್ಲುವ ಔಷಧಿಗಳೆಲ್ಲ ನುಸಿಯನ್ನು ಕೊಲ್ಲುವುದಿಲ್ಲ. ಯಾವ ಜೀವಿಯೆಂದು ತಿಳಿಯದೆ ಸಿಂಪಡಿಸಿದರೆ ದುಡ್ಡು ದಂಡ, ಮಿತ್ರಕೀಟಗಳ ನಾಶ ಬೇರೆ. ಗುರುತು ಸಿಕ್ಕ ಮೇಲೆ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನಿನ ಮಿಶ್ರಣವನ್ನು ಗೊನೆಗೆ ಸಿಂಪಡಿಸುವುದು, ಬೇರಿನ ಮೂಲಕ ಬೇವಿನ ಔಷಧಿ ಉಣಿಸುವುದು ಮೊದಲಾದ ಸಲಹೆಗಳು ರೈತರಿಗೆ ತಲುಪಿದವು. ಹೆಸರು, ವರ್ಣನೆ, ನೋಡಿದ ಜಾಗ, ಈ ಮೂರೂ ಒಂದೆಡೆ ಬರೆದಿದ್ದರೆ ಸಾವಿರಾರು ಮೈಲಿ ದೂರದ, 33 ವರ್ಷ ಹಿಂದಿನ ಪುಟವೊಂದು ಅರಸೀಕೆರೆಯ ತೋಟಕ್ಕೆ ಬಂದು ನಿಲ್ಲುತ್ತದೆ.

ಉಳಿದಿರುವ ಕೆಲಸ

ಈಗ ಲೆಕ್ಕ ಹಾಕಿ ನೋಡಿ. ಓಲೆಗರಿಯ ಗ್ರಂಥಗಳು ಕನ್ನಡದ ಹೆಸರು ಮತ್ತು ಬಳಕೆಯನ್ನು ಕೊಟ್ಟವು, ಗುರುತು ಕೊಡಲಿಲ್ಲ. 1976ರ ಗ್ರಂಥ ಗುರುತು ಮತ್ತು ಜಾಗವನ್ನು ಕೊಟ್ಟಿತು, ಕನ್ನಡದಲ್ಲಿ ಕೊಡಲಿಲ್ಲ. ಕಾರಂತ, ಸ್ವಾಮಿ, ತೇಜಸ್ವಿ ಅವರು ನೋಡುವ ಕಣ್ಣನ್ನು ಕೊಟ್ಟರು. ಊರೂರಿನ ಗಿಡಗಳ ಪಟ್ಟಿ ಮಾಡುವುದು ಅವರ ಕೆಲಸವಾಗಿರಲಿಲ್ಲ. ಮೂರೂ ಕೂಡಿದ ಪುಸ್ತಕ ಪ್ರತಿ ತಾಲ್ಲೂಕಿಗೂ ಬೇಕು. ಹೆಸರು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು. ದನ ಮೇಯಿಸುತ್ತ ಗಿಡ ಕಲಿತ ತಲೆಮಾರು ಹೋದ ಮೇಲೆ ಹರ್ಬೇರಿಯಂನ ಹಾಳೆಗಳು ಹಾಗೆಯೇ ಇರುತ್ತವೆ. ಅವಕ್ಕೆ ಊರಿನ ಹೆಸರು ಹೇಳುವವರು ಇರುವುದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಬಳ್ಳಿಗಳಿಗೆ ಕಾವಲು ಸಿಕ್ಕಿತು. ಗುಡಿಯ ಹೊರಗೆ, ಕೆರೆಯ ಏರಿಯ ಮೇಲೆ ಬೆಳೆದಿರುವ ಬಳ್ಳಿಯ ಹೆಸರನ್ನು ಕಾಯುವುದು ನಮ್ಮ ಪಾಲಿನ ಕೆಲಸ. ಇದಕ್ಕೆ ಪದವಿ ಬೇಡ. ನಿಮ್ಮ ಮಕ್ಕಳ ಶಾಲೆಯಲ್ಲಿ ಒಂದು ನೋಟ್‌ಬುಕ್ ತೆರೆದರೆ ಸಾಕು. ಹೂವಿರುವ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯಲ್ಲಿ ಒತ್ತಿ ಒಣಗಿಸಿ ಅಂಟಿಸಲಿ. ಪಕ್ಕದಲ್ಲಿ ಊರು, ದಿನಾಂಕ, ಹೆಸರು ಹೇಳಿದ ಅಜ್ಜಿಯ ಹೆಸರು ಬರೆಯಲಿ. ಲ್ಯಾಟಿನ್ ಹೆಸರನ್ನು ಕಾಲೇಜಿನ ಮೇಷ್ಟ್ರು ಆಮೇಲೆ ತುಂಬಿಕೊಡುತ್ತಾರೆ. ಚೀಟಿಯಲ್ಲಿ ಕನ್ನಡದ ಹೆಸರಿಗೆ ಮೊದಲ ಸಾಲು ಬಿಟ್ಟಿರಲಿ.